ಎಮ್ಮಿ ನೆಕ್ಕಿದ ಗೋಡಿ

ತಾಯಮ್ಮನ ಕೊಟ್ಟಿಗಿ ಗೋಡ್ಯಾಗ ಒಂದು ಗುಳಿ,
ಸೊಂಟದೆತ್ತರಕ್ಕ,
ಬೋಗುಣಿ ಒತ್ತಿ ತಗದಂಗ ದುಂಡಗ.
ಇಲಿ ತೋಡಿದ್ದಲ್ಲ, ಮಳಿ ಕೊರದದ್ದಲ್ಲ;
ಎಮ್ಮಿ ನಾಲಿಗಿ.

ಆರು ತಿಂಗಳಾತು ನೆಕ್ಕಾಕಹತ್ತಿ, ಅಂದ್ಲು.
ಮೊದಲು ಮಣ್ಣು, ಆಮ್ಯಾಲೆ ಇಟ್ಟಂಗಿ,
ಮೊನ್ನೆ ಹಗ್ಗದ ಮ್ಯಾಲಿನ ನಮ್ಮನಿಯವರ ಬನೀನು,
ನಿನ್ನೆ ತಿಪ್ಪ್ಯಾಗ ಎಲುಬು ಕಡಕೊಂತ ನಿಂತಿತ್ತು,
ಹುಸೇನಮ್ಮ, ಹುಲ್ಲು ತಿನ್ನೋ ಬಾಯಾಗ ಎಲುಬು!
ಯಾರ ಕಣ್ಣು ತಾಗಿತೋ ಅಂತ
ನಮ್ಮತ್ತಿ ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದ್ಲು,
ಕೊರಳಿಗೆ ಕರಿ ದಾರ ಕಟ್ಟಿದ್ಲು.
ಆ ದಾರಾನೂ ತಿಂತು.

ನಗು ಬಂತು, ನಗಲಿಲ್ಲ.
ಕಾರಟಗಿ ತರಬೇತ್ಯಾಗ ಬರಕೊಂಡಿದ್ದೆ:
ರಂಜಕ ಕಡಿಮಿ ಆದ್ರ ದನ ಎಲುಬು ಹುಡುಕತೈತಿ.
ಬರಕೊಂಡಾಗ ಅದು ಬರೇ ಒಂದು ಸಾಲು.
ಇಲ್ಲಿ ಅದಕ್ಕ ಕೋಡಿದ್ವು,
ಕಣ್ಣಾಗ ಪಿಚ್ಚಿತ್ತು.

ಬಣವಿ ನೋಡಿದ್ರ ಮನಿಗಿಂತ ಎತ್ತರ,
ಭತ್ತದ ಹುಲ್ಲು, ಎರಡು ಬೆಳಿದು.
ಕಾಲುವಿ ಬಂದಮ್ಯಾಲೆ ಹೊಟ್ಟಿಗೇನೂ ಕಡಿಮಿಲ್ಲ.
ಜ್ವಾಳದ ಕಣಿಕಿ ಹೋತು, ಶೇಂಗಾದ ಹೊಟ್ಟು ಹೋತು,
ಒಡ್ಡಿನ ಹಕ್ಕರಕಿ ಕಳೆ ಎಣ್ಣಿಗೆ ಸುಟ್ಟು ಹೋತು.
ಬಂಗಾರ ಬಣ್ಣದ ಹುಲ್ಲಿನ ಮುಂದ
ಹೊಟ್ಟಿ ತುಂಬಿದ ಎಮ್ಮಿ ಹಸದು ನಿಂತೈತಿ.

ಹಾಲಂತೂ ಕೊಡತಿತ್ತು. ಎಲ್ಲಿಂದ?
ತನ್ನ ಮೈಯಿಂದಾನ ಕಡ ತಂದು.
ದಿನಾ ಒಂಚೂರು ಬೆನ್ನು, ಒಂಚೂರು ಪಕ್ಕಡಿ,
ಕರಗಿಸಿ ಕರಗಿಸಿ
ಮುಂಜಾನಿ ಡೇರಿ ಕ್ಯಾನಿಗೆ.

ಕರ ಹಗಲೆಲ್ಲಾ ನೆಟ್ಟಗಿತ್ತು.
ದೀಪ ಹಚ್ಚೋ ಹೊತ್ತಿಗೆ
ಗ್ವಾದ್ಲಿಗೆ ಢಿಕ್ಕಿ, ಗೂಟಕ್ಕ ಢಿಕ್ಕಿ,
ತಾಯಿ ಒದರಿದ್ರ ಬ್ಯಾರೆ ಕಡೆ ನಡೀತಿತ್ತು.
ಹುಚ್ಚು ಹಿಡದೈತಿ ಅಂದ್ರು ಓಣಿ ಹುಡುಗ್ರು.

ಹುಚ್ಚಲ್ಲ, ತಾಯಮ್ಮ.
ಕಲೀಜಿ ಅಂದ್ರ ಒಂದು ಹಗೇವು.
ಹಸರು ತಿಂದಾಗ ಅದರ ಸತ್ವ ತುಂಬಿಟ್ಟುಕೊಂತೈತಿ,
ಬ್ಯಾಸಗ್ಯಾಗ ತಗದು ತಗದು ಉಣ್ಣತೈತಿ.
ತಾಯಿ ಹಗೇವ್ಯಾಗ ಕಾಳಿಲ್ಲಂದ್ರ
ಕರಕ್ಕೇನು ಕೊಟ್ಟಾಳು?
ಎ ಜೀವಸತ್ವ. ಬರೇ ಒಂದಕ್ಷರ.
ಅದಿಲ್ಲಂದ್ರ ಸಂಜಿ ಆತು ಅಂದ್ರ ಜಗತ್ತು ಮುಗೀತು.

ಹಗೇವು ಅಂದಾಗ ತಲಿ ಹಾಕಿದ್ಲು.
ಜೀವಸತ್ವ ಅಂದಾಗ ಸೆರಗು ಸರಿ ಮಾಡಿಕೊಂಡ್ಲು.

ಡಾಕ್ಟರು ಬಂದು ಕರಕ್ಕ ಸೂಜಿ ಮಾಡಿ ಹೋದ್ರು.
ನಾನು ಎಮ್ಮಿ ಪಾಕೀಟು ಬಿಚ್ಚಿದೆ:
ದಿನಕ್ಕ ಐವತ್ತು ಗ್ರಾಂ, ತೌಡಿನಾಗ ಕಲಸಿ.
"ಬೂದಿ ಅಲ್ಲೇನ ಇದು? ಬೂದಿಗೆ ರೊಕ್ಕ ಕೊಡಬೇಕೇನ?"
ಮಾತು ಸಾಲಲಿಲ್ಲ. ಬೆರಳಿಗೆ ಹಚ್ಚಿ ನಾನ ನೆಕ್ಕಿದೆ,
ಅಕಿಗೂ ನೆಕ್ಕಿಸಿದೆ.
ಉಪ್ಪು. ಆಮ್ಯಾಲೆ ಸಾಲಿ ಬಳಪ.
ಆಮ್ಯಾಲೆ ಅಜ್ಜಿಯ ತಾಮ್ರದ ಚರಗಿ,
ತುಟಿ ಕಚ್ಚಿಕೊಂಡಾಗ ಬರೋ ಕಬ್ಬಿಣದ ರುಚಿ.
ಕೋಬಾಲ್ಟ್ ನಾಲಿಗಿಗೆ ಸಿಗಲಿಲ್ಲ,
ಸಾಸಿವಿ ನೆರಳಿನಷ್ಟು ಇರತೈತಂತ,
ಅಷ್ಟಿಲ್ಲಂದ್ರ ಹೊಟ್ಟ್ಯಾಗಿನ ಕಾಣದ ಅಡಗಿಯವರು
ಒಲಿ ಹಚ್ಚೋದ ಇಲ್ಲಂತ.

ತಿಂಗಳು ಬಿಟ್ಟು ಹೋದೆ, ಮುಚ್ಚಂಜಿ.
ಕರ ಮಬ್ಬಿನಾಗ ಗೂಟ ಬಳಸಿ ಬಂದು ಮೊಲಿಗೆ ಬಾಯಿ ಹಾಕ್ತು.
ಎಮ್ಮಿ ಗೋಡಿಗೆ ಬೆನ್ನು ಮಾಡಿ ಮೆಲುಕು ಹಾಕತಿತ್ತು.
ಗುಳಿ ಹಂಗ ಐತಿ, ಮೆತ್ತಿಲ್ಲ,
ಅದರೊಳಗ ಪುಡಿ ಅಳಿಯೋ ಮುಚ್ಚಳ ಇಟ್ಟಾಳ.

ಎಮ್ಮಿ ಕೆಳರೆಪ್ಪಿ ಎಳದು ಬ್ಯಾಟರಿ ಬಿಟ್ಟೆ.
"ಏನು ನೋಡತಿ ಅಲ್ಲಿ?"
"ರಕ್ತ ಐತೋ ಇಲ್ಲೋ ಅಂತ. ಕೆಂಪಗಿದ್ರ ಚಲೋ."
ಕೈಯಾಗಿನ ಸೆಗಣಿ ಸೀರಿಗೊರಸಿ
ಬಗ್ಗಿ, ಬ್ಯಾಟರಿ ಮುಂದ,
ತನ್ನ ರೆಪ್ಪಿ ಎಳದು ತೋರಿಸಿದ್ಲು.

ಅಕ್ಕಚ್ಚಿನ ಬಣ್ಣ.

ತೌಡು ಎಮ್ಮಿಗೆ, ಹಾಲು ಡೇರಿಗೆ,
ಮಿಲ್ಲಿನ ಬೆಳ್ಳನ ಅಕ್ಕಿ ಅಕಿಗೆ.
ಚೀಲ ತಡಕಾಡಿದೆ. ಅಕಿಗಾಗೋ ಪಾಕೀಟು ಇರಲಿಲ್ಲ.
ಆಶಾ ಅಕ್ಕಗ ಹೇಳತೀನಿ, ಮಂಗಳವಾರ ಬರತೀನಿ ಅಂದೆ.

"ಅಲ್ಲೀತನಕ ಗೋಡಿ ನೆಕ್ಕಲೇನು?"
ಅಂತ ನಕ್ಕಳು.